ಡೋಸ್ ಲೆಕ್ಕ ಎಲ್ಲಿ ತಪ್ಪುತ್ತದೆ? ನರ್ಸಿಂಗ್ ಪದವಿ ಓದುವವರಿಗೆ

ನರ್ಸಿಂಗ್ ಪದವಿಯಲ್ಲಿ ಅಂಗರಚನೆ, ಫಾರ್ಮಕಾಲಜಿ ಎಂದರೆ ಹೆದರಿ ಓದುತ್ತಾರೆ. ಡೋಸ್ ಲೆಕ್ಕವನ್ನು ಮಾತ್ರ 'ಏಳನೇ ಕ್ಲಾಸಿನ ಗಣಿತ ತಾನೇ' ಎಂದು ಪರೀಕ್ಷೆಯ ಹಿಂದಿನ ರಾತ್ರಿಗೆ ಬಿಡುತ್ತಾರೆ. ಗಣಿತ ಏಳನೇ ಕ್ಲಾಸಿನದೇ, ನಿಜ. ಗುಣಿಸುವುದರಲ್ಲಿ, ಭಾಗಿಸುವುದರಲ್ಲಿ ಎಡವುವವರು ಕಡಿಮೆ. ವೈದ್ಯರ ಆರ್ಡರ್ ಓದುವಾಗ, ಲೇಬಲ್ ಓದುವಾಗ, ಒಂದು ಅಳತೆಯಿಂದ ಇನ್ನೊಂದಕ್ಕೆ ಬದಲಿಸುವಾಗ ಎಡವುವವರೇ ಹೆಚ್ಚು. ಹಾಗಾಗಿ ಸೂತ್ರದಿಂದ ಶುರು ಮಾಡಬೇಡಿ.

ಹಂತ 1: ಅಳತೆಗಳು ಬಾಯಿಗೆ ಬರಲಿ

1 ಗ್ರಾಂ ಎಂದರೆ 1000 ಮಿ.ಗ್ರಾಂ. 1 ಮಿ.ಗ್ರಾಂ ಎಂದರೆ 1000 ಮೈಕ್ರೋಗ್ರಾಂ. 1 ಲೀಟರ್ ಎಂದರೆ 1000 ಮಿ.ಲೀ. ಇಷ್ಟೇ.

ಶೇಕಡಾ ಮತ್ತು ಅನುಪಾತದಲ್ಲಿ ಬರೆದ ಔಷಧಗಳ ಹತ್ತಿರ ಸ್ವಲ್ಪ ನಿಲ್ಲಿ. 5% ಡೆಕ್ಸ್‌ಟ್ರೋಸ್ ಎಂದರೆ 100 ಮಿ.ಲೀ.ಯಲ್ಲಿ 5 ಗ್ರಾಂ, 500 ಮಿ.ಲೀ. ಬಾಟಲಿಯಲ್ಲಿ 25 ಗ್ರಾಂ. ಅಡ್ರಿನಲಿನ್ 1:1000 ಎಂದರೆ 1000 ಮಿ.ಲೀ.ಗೆ 1 ಗ್ರಾಂ, ಅಂದರೆ 1 ಮಿ.ಲೀ.ಯಲ್ಲಿ 1 ಮಿ.ಗ್ರಾಂ. 1:10,000 ಆದರೆ ಅದೇ 1 ಮಿ.ಗ್ರಾಂಗೆ 10 ಮಿ.ಲೀ. ಬೇಕು. ಸಂಖ್ಯೆ ದೊಡ್ಡದಿದ್ದಷ್ಟೂ ಔಷಧ ತೆಳುವಾಗಿರುತ್ತದೆ. 'ಹತ್ತು ಸಾವಿರದ್ದೇ ಸ್ಟ್ರಾಂಗ್' ಎಂದು ತಿಳಿದವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಹಂತ 2: ಆರ್ಡರ್ ಓದಿ, ಬೆರಳಿಟ್ಟು

ಕೈಬರಹದಲ್ಲಿ 1.0 ಎಂದು ಬರೆದಿದ್ದು ಚುಕ್ಕಿ ಮಸುಕಾದರೆ 10 ಆಗುತ್ತದೆ. ಮುಂದೆ ಸೊನ್ನೆಯಿಲ್ಲದೆ .5 ಎಂದು ಬರೆದಿದ್ದು 5 ಆಗುತ್ತದೆ. ಯೂನಿಟ್ ಎನ್ನುವುದಕ್ಕೆ ಬದಲು ಇಂಗ್ಲಿಷಿನ 'ಯು' ಅಕ್ಷರ ಒಂದನ್ನೇ ಗೀಚಿದ್ದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ ಇದ್ದದ್ದು 40 ಆಗುತ್ತದೆ. ನಿಮ್ಮ ನೋಟ್ಸಿನಲ್ಲೂ 1 ಎಂದಷ್ಟೇ ಬರೆಯಿರಿ, 0.5 ಎಂದೇ ಬರೆಯಿರಿ, ಯೂನಿಟ್ ಎಂದು ಪೂರ್ತಿ ಬರೆಯಿರಿ. ಮೈಕ್ರೋಗ್ರಾಂ ಕೂಡ ಪೂರ್ತಿ.

ಮಕ್ಕಳ ವಾರ್ಡಿನಲ್ಲಿ ನೋಡಬೇಕಾದ ಪದ 'ದಿನಕ್ಕೆ'. 15 ಕೆ.ಜಿ. ಮಗುವಿಗೆ, ಕೆ.ಜಿ.ಗೆ ದಿನಕ್ಕೆ 40 ಮಿ.ಗ್ರಾಂ, ಮೂರು ಸಲಕ್ಕೆ ಹಂಚಿ ಎಂದಿದ್ದರೆ ದಿನದ ಒಟ್ಟು 600, ಪ್ರತಿ ಸಲ 200 ಮಿ.ಗ್ರಾಂ. 'ದಿನಕ್ಕೆ' ಕಣ್ತಪ್ಪಿದರೆ 600ನ್ನೇ ಮೂರು ಸಲ ಕೊಟ್ಟು ದಿನಕ್ಕೆ 1800 ಮುಟ್ಟಿಸುತ್ತೀರಿ. ತೂಕ ಯಾವತ್ತಿನದು ಎಂದೂ ನೋಡಿ. ಅಂದಾಜಿನ ತೂಕದ ಮೇಲೆ ಮಕ್ಕಳ ಡೋಸ್ ಲೆಕ್ಕ ಹಾಕುವ ಅಭ್ಯಾಸ ಬೇಡ.

ಹಂತ 3: ಲೇಬಲ್‌ನಲ್ಲಿ ಎರಡು ಸಂಖ್ಯೆ

ಎಷ್ಟು ಔಷಧ, ಎಷ್ಟು ಮಿ.ಲೀ.ಯಲ್ಲಿ. ಎರಡೂ ಸಿಗುವವರೆಗೆ ಪೆನ್ನು ಎತ್ತಬೇಡಿ. ಪ್ಯಾರಾಸಿಟಮಾಲ್ ಒಂದೇ ಸಾಕು ಉದಾಹರಣೆಗೆ. 12 ಕೆ.ಜಿ. ಮಗುವಿಗೆ ಕೆ.ಜಿ.ಗೆ 15 ಮಿ.ಗ್ರಾಂನಂತೆ 180 ಮಿ.ಗ್ರಾಂ ಬೇಕು. 5 ಮಿ.ಲೀ.ಗೆ 120 ಮಿ.ಗ್ರಾಂ ಇರುವ ಸಿರಪ್ ಆದರೆ 7.5 ಮಿ.ಲೀ. 5 ಮಿ.ಲೀ.ಗೆ 250 ಇದ್ದರೆ 3.6 ಮಿ.ಲೀ. 1 ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ ಕೇವಲ 1.8 ಮಿ.ಲೀ. 'ಈ ಮಗುವಿಗೆ ಏಳೂವರೆ ಎಂಎಲ್' ಎಂದು ನೆನಪಿಟ್ಟುಕೊಂಡವರು ಬಾಟಲಿ ಬದಲಾದ ದಿನ ಏನು ಮಾಡುತ್ತಾರೋ ಊಹಿಸಿ. ಮನಸ್ಸಿನಲ್ಲಿ, ರಿಪೋರ್ಟಿನಲ್ಲಿ, ಹ್ಯಾಂಡೋವರಿನಲ್ಲಿ ಮಿ.ಗ್ರಾಂ ಇರಲಿ. ಮಿ.ಲೀ. ಬಾಟಲಿಗೆ ಸೇರಿದ್ದು.

ಪುಡಿ ರೂಪದ ವಯಲ್‌ಗೆ ಎಷ್ಟು ನೀರು ಸೇರಿಸಬೇಕು ಎಂಬುದನ್ನು ಅದರ ಜೊತೆಗಿರುವ ಚೀಟಿಯಿಂದಲೇ ತಿಳಿಯಿರಿ. ಪುಡಿಯೂ ಜಾಗ ಹಿಡಿಯುತ್ತದೆ. 10 ಮಿ.ಲೀ. ಸೇರಿಸಿದರೆ ಒಳಗಿರುವುದು 10 ಮಿ.ಲೀ.ಗಿಂತ ಹೆಚ್ಚು. ಪೂರ್ತಿ ವಯಲ್ ಕೊಡುವಾಗ ಇದು ಲೆಕ್ಕಕ್ಕಿಲ್ಲ. ಅದರಲ್ಲಿ ಸ್ವಲ್ಪವೇ ತೆಗೆದು ನವಜಾತ ಶಿಶುವಿಗೆ ಕೊಡುವಾಗ ಲೆಕ್ಕಕ್ಕಿದೆ.

ಹಂತ 4: ಮೊದಲು ಅಂದಾಜು, ಆಮೇಲೆ ಸೂತ್ರ

ಸೂತ್ರ ಎಲ್ಲರಿಗೂ ಗೊತ್ತು: ಬೇಕಾದ ಡೋಸ್ ÷ ಇರುವ ಡೋಸ್ × ಅದು ಎಷ್ಟು ಮಿ.ಲೀ.ಯಲ್ಲಿದೆ. ಆದರೆ ಅದಕ್ಕೆ ಮುಂಚೆ ಉತ್ತರ ಒಂದು ಆಂಪೂಲ್‌ಗಿಂತ ಹೆಚ್ಚೋ ಕಡಿಮೆಯೋ ಎಂದು ಬರೆದಿಡಿ. 3000 ಯೂನಿಟ್ ಹೆಪಾರಿನ್ ಬೇಕು, ವಯಲ್‌ನಲ್ಲಿ ಮಿ.ಲೀ.ಗೆ 5000 ಇದೆ. ಉತ್ತರ 1 ಮಿ.ಲೀ.ಗಿಂತ ಕಡಿಮೆ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸೂತ್ರ 0.6 ಕೊಡುತ್ತದೆ, ಸರಿ. ಸಂಖ್ಯೆಗಳನ್ನು ತಲೆಕೆಳಗೆ ಹಾಕಿದ್ದರೆ 1.67 ಬರುತ್ತಿತ್ತು, ಅಂದಾಜು ಅದನ್ನು ಅಲ್ಲೇ ಹಿಡಿಯುತ್ತಿತ್ತು. ಒಂದು ಡೋಸ್‌ಗೆ ನಾಲ್ಕೈದು ಆಂಪೂಲ್ ಒಡೆಯಬೇಕು ಎಂದು ಲೆಕ್ಕ ಹೇಳಿದರೆ, ಒಡೆಯುವ ಮೊದಲು ಲೆಕ್ಕವನ್ನೇ ಅನುಮಾನಿಸಿ.

ಪ್ರತಿ ಸಾಲಿನಲ್ಲೂ ಅಳತೆ ಬರೆಯಿರಿ. '250' ಎಂದು ನಿಲ್ಲಿಸಿದ ಸಾಲು ಅರ್ಧ ಸಾಲು. ಬರೀ ಉತ್ತರವನ್ನಷ್ಟೇ ಅಚ್ಚು ಹಾಕುವ ಗೈಡ್‌ಗಳಿಂದ ಕಲಿತವರಿಗೆ ಈ ಚಾಳಿ ಬೇಗ ಅಂಟುತ್ತದೆ. ಅವುಗಳಿಗೆ ದುಡ್ಡು ದಂಡ.

ಇನ್ಸುಲಿನ್ ಸಿರಿಂಜ್ ಇಲ್ಲೇ ಹೇಳಿಬಿಡುವುದು ಮೇಲು. ವಯಲ್ ಮಿ.ಲೀ.ಗೆ 40 ಯೂನಿಟ್‌ನದಾದರೆ 40ರ ಸಿರಿಂಜ್, 100ರದಾದರೆ 100ರ ಸಿರಿಂಜ್. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣ ಇರುವುದು ರೂಢಿ. ಆದರೂ ಬಣ್ಣ ನೋಡಿ ನಂಬದೆ ಮೇಲಿನ ಬರಹ ಓದಿ. 100ರ ಇನ್ಸುಲಿನ್‌ಅನ್ನು 40ರ ಸಿರಿಂಜ್‌ನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. 'ಅಡ್ಜಸ್ಟ್ ಮಾಡಿಕೊಂಡು ಎಳೆಯಬಹುದು' ಎಂದು ಯಾರಾದರೂ ಹೇಳಿಕೊಟ್ಟರೆ ಆ ಪಾಠ ಬೇಡ. ಸರಿಯಾದ ಸಿರಿಂಜ್ ತರಿಸಿ.

ಹಂತ 5: ಡ್ರಿಪ್

ಒಟ್ಟು ಮಿ.ಲೀ. × ಸೆಟ್‌ನ ಡ್ರಾಪ್ ಫ್ಯಾಕ್ಟರ್ ÷ ಒಟ್ಟು ನಿಮಿಷ. ಡ್ರಾಪ್ ಫ್ಯಾಕ್ಟರ್ ಎಂದರೆ ಆ ಸೆಟ್‌ನಲ್ಲಿ ಎಷ್ಟು ಹನಿ ಸೇರಿದರೆ 1 ಮಿ.ಲೀ. ಎಂಬುದು. ಅದು ಐವಿ ಸೆಟ್‌ನ ಪ್ಯಾಕೆಟ್ ಮೇಲೆ ಅಚ್ಚಾಗಿರುತ್ತದೆ, ನಾವು ಮೊದಲು ಹರಿದು ಬಿಸಾಡುವುದು ಆ ಪ್ಯಾಕೆಟ್ಟನ್ನೇ. ಸಾಮಾನ್ಯ ಸೆಟ್‌ಗಳು 10, 15 ಅಥವಾ 20 ಹನಿಯವು, ಮೈಕ್ರೋಡ್ರಿಪ್ ಸೆಟ್ 60 ಹನಿಯದು.

1000 ಮಿ.ಲೀ. 8 ಗಂಟೆಯಲ್ಲಿ, 20 ಹನಿಯ ಸೆಟ್: 20,000 ÷ 480 = 41.67, ಅಂದರೆ ನಿಮಿಷಕ್ಕೆ 42 ಹನಿ. 15 ಹನಿಯ ಸೆಟ್ ಆದರೆ 31. ಅಭ್ಯಾಸಬಲದಿಂದ 15ರ ಸೆಟ್‌ನಲ್ಲೂ 42 ಹನಿ ಬಿಟ್ಟರೆ 8 ಗಂಟೆಯ ಬಾಟಲಿ ಸುಮಾರು 6 ಗಂಟೆಗೆ ಖಾಲಿ. ಡ್ರಾಪ್ ಫ್ಯಾಕ್ಟರ್ ಕೇಳದೆಯೇ ಉತ್ತರ ಕೊಡುವ ಮೊಬೈಲ್ ಆ್ಯಪ್‌ಗಳನ್ನು ಇದೇ ಕಾರಣಕ್ಕೆ ಅಳಿಸಿಹಾಕಿ.

ಮೈಕ್ರೋಡ್ರಿಪ್‌ನಲ್ಲಿ ಲೆಕ್ಕವೇ ಬೇಡ. 60 ಹನಿ, 60 ನಿಮಿಷ ಹೊಡೆದುಹೋಗಿ ಗಂಟೆಗೆ 40 ಮಿ.ಲೀ. ಎಂದರೆ ನಿಮಿಷಕ್ಕೆ 40 ಹನಿ. ಇದು ಒಪ್ಪಬಹುದಾದ ಶಾರ್ಟ್‌ಕಟ್. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಶಾರ್ಟ್‌ಕಟ್ ಅಷ್ಟು ಒಳ್ಳೆಯದಲ್ಲ: 42 ಬೇಕಾದಲ್ಲಿ 10 ಎಣಿಸಿದರೆ 40, 11 ಎಣಿಸಿದರೆ 44. ಪೂರ್ತಿ ನಿಮಿಷ ಎಣಿಸಿ. 15 ನಿಮಿಷ ಬಿಟ್ಟು ಮತ್ತೆ ಎಣಿಸಿ, ಏಕೆಂದರೆ ಕ್ಲಾಂಪ್‌ನಡಿ ಟ್ಯೂಬ್ ಸಡಿಲವಾಗುತ್ತದೆ, ರೋಗಿ ಕೈ ಮಡಚುತ್ತಾರೆ, ಮಂಚದ ಎತ್ತರ ಬದಲಾಗುತ್ತದೆ.

ಮೇಲಿನ 8 ಗಂಟೆಯ ಬಾಟಲಿ, 20 ಹನಿಯ ಸೆಟ್‌ನಲ್ಲಿ, ನಾಲ್ಕು ಗಂಟೆ ಕಳೆದಾಗ 500 ಮಿ.ಲೀ. ಉಳಿಯಬೇಕಿತ್ತು, 600 ಉಳಿದಿದೆ ಎನ್ನಿ. ಕ್ಲಾಂಪ್ ಪೂರ್ತಿ ತೆರೆದು 'ಸರಿದೂಗಿಸುವುದು' ಅಪಾಯ. ಉಳಿದ ಸಮಯಕ್ಕೆ ಹೊಸ ಲೆಕ್ಕ ಹಾಕಿದರೆ 600 × 20 ÷ 240 = 50 ಹನಿ. ಅದನ್ನೂ ವಾರ್ಡಿನ ಸಿಸ್ಟರ್‌ಗೆ ಹೇಳಿ, ಕೇಳಿ ಬದಲಿಸಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರಲ್ಲಿ, ಮಕ್ಕಳಲ್ಲಿ, ವಯಸ್ಸಾದವರಲ್ಲಿ ಆ ಹೆಚ್ಚುವರಿ ಹನಿಗಳೂ ಭಾರವಾಗಬಹುದು.

ಹಂತ 6: ಸಿರಿಂಜ್ ಪಂಪ್

ಸಿರಿಂಜ್‌ನಲ್ಲಿರುವ ಔಷಧವನ್ನು ಗಂಟೆಗೆ ಇಷ್ಟು ಮಿ.ಲೀ. ಎಂದು ನಿಧಾನಕ್ಕೆ ತಳ್ಳುವ ಯಂತ್ರ ಇದು. ಹೆಚ್ಚಿನವರು ಕೈಚೆಲ್ಲುವುದು ಇಲ್ಲಿ. ಡೋಪಮಿನ್, ಕೆ.ಜಿ.ಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ, ರೋಗಿಯ ತೂಕ 50 ಕೆ.ಜಿ., 200 ಮಿ.ಗ್ರಾಂ ಔಷಧ ಒಟ್ಟು 50 ಮಿ.ಲೀ.ಯಲ್ಲಿ. ಒಂದೇ ಉಸಿರಿಗೆ ಸೂತ್ರಕ್ಕೆ ತುರುಕದೆ, ಒಂದೊಂದೇ ಪದವನ್ನು ಕಳಚುತ್ತಾ ಹೋಗಿ.

'ಕೆ.ಜಿ.ಗೆ' ಕಳಚಿ: 5 × 50 = ನಿಮಿಷಕ್ಕೆ 250 ಮೈಕ್ರೋಗ್ರಾಂ.
'ನಿಮಿಷಕ್ಕೆ' ಕಳಚಿ: 250 × 60 = ಗಂಟೆಗೆ 15,000 ಮೈಕ್ರೋಗ್ರಾಂ.
'ಮೈಕ್ರೋ' ಕಳಚಿ: 15,000 ÷ 1000 = ಗಂಟೆಗೆ 15 ಮಿ.ಗ್ರಾಂ.
ಸಿರಿಂಜ್‌ನಲ್ಲಿರುವುದು 200 ÷ 50 = ಮಿ.ಲೀ.ಗೆ 4 ಮಿ.ಗ್ರಾಂ.
ಆದ್ದರಿಂದ 15 ÷ 4 = ಗಂಟೆಗೆ 3.75 ಮಿ.ಲೀ.

ತೂಕ ಅಥವಾ 60 ಬಿಟ್ಟುಹೋದರೆ ಉತ್ತರ 0.1ಕ್ಕಿಂತ ಕೆಳಗೆ ಬರುತ್ತದೆ, 1000 ಬಿಟ್ಟುಹೋದರೆ 3750. ಎರಡೂ ಅಸಂಬದ್ಧ ಎಂದು ನೋಡಿದೊಡನೆ ಗೊತ್ತಾಗಬೇಕು. ಅಭ್ಯಾಸಕ್ಕೆ 60 ಕೆ.ಜಿ. ರೋಗಿಯ ಉದಾಹರಣೆ ಆರಿಸಿಕೊಳ್ಳಬೇಡಿ. ಲೆಕ್ಕದಲ್ಲಿ ಎರಡು 60 ಬಂದು, ಯಾವುದು ತೂಕ, ಯಾವುದು ನಿಮಿಷ ತಿಳಿಯದೆಯೇ ಉತ್ತರ ಸರಿಯಾಗಿಬಿಡುತ್ತದೆ. ಪುಸ್ತಕಗಳಿಗೋ ಆ 60 ಎಂದರೆ ಬಹಳ ಪ್ರೀತಿ.

ಸಿರಿಂಜ್ ತುಂಬುವಾಗಿನ ತಪ್ಪು ಬೇರೆಯೇ. 200 ಮಿ.ಗ್ರಾಂ ಡೋಪಮಿನ್ 5 ಮಿ.ಲೀ.ಯಲ್ಲಿ ಬಂದಿದ್ದರೆ ಅದಕ್ಕೆ ಸೇರಿಸಬೇಕಾದದ್ದು 45 ಮಿ.ಲೀ. 50 ಸೇರಿಸಿದರೆ ಒಟ್ಟು 55 ಆಗಿ, ಪಂಪ್ 3.75 ಎಂದು ತೋರಿಸುತ್ತಿದ್ದರೂ ರೋಗಿಗೆ ಸಿಗುವ ಔಷಧ ಕಡಿಮೆ.

ಈ ರೋಗಿಗೆ, ಈ ಮಿಶ್ರಣದಲ್ಲಿ, ಕೆ.ಜಿ.ಗೆ ನಿಮಿಷಕ್ಕೆ 1 ಮೈಕ್ರೋಗ್ರಾಂ ಎಂದರೆ ಗಂಟೆಗೆ 0.75 ಮಿ.ಲೀ. ಎಂದು ಪಂಪ್ ಪಕ್ಕ ಬರೆದಿಟ್ಟರೆ ಡೋಸ್ ಏರಿಸುವಾಗ ಅನುಕೂಲ: 8 ಬೇಕಾದರೆ 6 ಮಿ.ಲೀ. ಆದರೆ ರೋಗಿ ಬದಲಾದಾಗ, ಮಿಶ್ರಣ ಬದಲಾದಾಗ ಆ ಚೀಟಿ ಹರಿದುಹಾಕಿ. 400 ಮಿ.ಗ್ರಾಂ ತುಂಬಿದ ಸಿರಿಂಜ್‌ಗೆ ಹಳೆಯ ಚೀಟಿ ಇಟ್ಟುಕೊಂಡರೆ ಡೋಸ್ ದುಪ್ಪಟ್ಟು.

ಹಂತ 7: ಇನ್ನೊಬ್ಬರಿಂದ ಪರಿಶೀಲನೆ

'3.75 ಬಂದಿದೆ, ಸರಿ ಇದೆಯಾ ಸಿಸ್ಟರ್?' ಎಂದು ಕೇಳಿದರೆ ಅವಸರದಲ್ಲಿರುವ ಯಾರೂ ಹೂಂ ಎನ್ನುತ್ತಾರೆ. ಆರ್ಡರ್, ತೂಕ, ಲೇಬಲ್ ಮುಂದಿಡಿ. ನಿಮ್ಮ ಉತ್ತರ ಮುಚ್ಚಿಡಿ. ಅವರು ತಾವೇ ಮೊದಲಿನಿಂದ ಮಾಡಲಿ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್, ಪಂಪ್‌ನಲ್ಲಿ ಹೋಗುವ ಔಷಧ, ಮಕ್ಕಳ ಇಂಜೆಕ್ಷನ್: ಇವಕ್ಕೆ ಇದನ್ನು ಬಿಡಲೇಬಾರದು. ಎರಡು ಉತ್ತರ ಹೊಂದದಿದ್ದರೆ ಸೀನಿಯರ್ ಹೇಳಿದ್ದೇ ಸರಿ ಎಂದು ಮುಂದುವರಿಯಬೇಡಿ. ಇಬ್ಬರೂ ಆರ್ಡರ್‌ಗೆ ಮರಳಿ, ಆಗಲೂ ಬಗೆಹರಿಯದಿದ್ದರೆ ಫಾರ್ಮಸಿಸ್ಟ್‌ಗೆ ಅಥವಾ ಬರೆದ ವೈದ್ಯರಿಗೆ ಫೋನ್ ಮಾಡಿ. ಅಲ್ಲಿಯವರೆಗೆ ಸಿರಿಂಜ್ ಟ್ರೇಯಲ್ಲೇ ಇರಲಿ, ಮೇಲೆ ಲೇಬಲ್ ಅಂಟಿಸಿ.