ಅಡಿಕೆ ಸುಲಿದ ಬೆನ್ನಿಗೆ ಬಿಸಿ ಎಣ್ಣೆ

ನಮ್ಮ ಶಿರಸಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ಮನೆಮನೆಯಲ್ಲೂ ಒಂದೇ ದೂರು. ಸೊಂಟ, ಹೆಗಲು, ಬೆರಳಿನ ಗಂಟು. ರಾತ್ರಿಯವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತರೆ ಮತ್ತೇನಾಗುತ್ತದೆ? ಉರಿ ಹತ್ತುವ ಮುಲಾಮು ಬಳಿದು ಮಲಗುವವರೇ ಈಗ ಜಾಸ್ತಿ. ಬೇಡ ಎನ್ನುವುದಿಲ್ಲ. ಆದರೆ ಬಿಗಿದ ಮೈ ಸಡಿಲಾಗಲು ಇನ್ನೊಬ್ಬರ ಕೈ ತಾಗಬೇಕು. ಆ ಕೈಗೆ ಬಲ ಬೇಕಿಲ್ಲ, ನಿಧಾನ ಬೇಕು.

ನಮ್ಮಲ್ಲಿ ಮನೆಯ ಕೊಬ್ಬರಿ ಎಣ್ಣೆಯೇ ಸಾಕು. ಚಳಿಯಲ್ಲಿ ಎಳ್ಳೆಣ್ಣೆ ಆದರೆ ಇನ್ನೂ ಒಳ್ಳೆಯದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಜನವರಿಯಲ್ಲಿ ಬಾಟಲಿ ಬಗ್ಗಿಸಿದರೂ ಬೀಳುವುದಿಲ್ಲ. ನೇರ ಒಲೆ ಮೇಲೆ ಇಡಬೇಡಿ. ಬಟ್ಟಲಿಗೆ ಹಾಕಿ ಬಿಸಿನೀರಿನಲ್ಲಿ ಇಡಿ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿಯೇ ಬೇರೆಯವರ ಮೈಗೆ ಹಚ್ಚಿ.

ಮೊದಲು ಎಣ್ಣೆ ಸವರಿ ಸುಮ್ನೆ ಅಂಗೈ ಆಡಿಸಿ, ಮೈ ಬೆಚ್ಚಗಾಗಲಿ. ಆಮೇಲೆ ಒತ್ತಬೇಕು. ಕೈಕಾಲಿಗೆ ಕೆಳಗಿನಿಂದ ಮೇಲಕ್ಕೆ ಉದ್ದಕ್ಕೆ, ಗಂಟುಗಳಿಗೆ ಸುತ್ತಲೂ. ಬೆನ್ನಿಗೆ ಮೂಳೆಯ ಎರಡೂ ಬದಿಯಲ್ಲಿ ಮಾತ್ರ, ಮೂಳೆಯ ಮೇಲೆ ಒತ್ತಬಾರದು. ಹೆಬ್ಬೆರಳಿನಿಂದ ಚುಚ್ಚುವವರಿದ್ದಾರೆ, ಅವರ ಕೈಗೆ ನಾನಂತೂ ಬೆನ್ನು ಕೊಡುವುದಿಲ್ಲ. ತಿಕ್ಕಿಸಿಕೊಳ್ಳುವವರ ಉಸಿರು ನೋಡಿ. ಅವರು ಉಸಿರು ಬಿಗಿಹಿಡಿದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ. ಬಾಯಲ್ಲಿ ‘ಅಡ್ಡಿಲ್ಲೆ’ ಎಂದರೂ ನಂಬಬೇಡಿ. ಹದಿನೈದು ನಿಮಿಷ ಧಾರಾಳವಾಯಿತು. ಊಟ ಆದ ಕೂಡಲೇ ಮಾತ್ರ ಬೇಡ.

ಅರ್ಧ ಗಂಟೆ ಬಿಟ್ಟು ಸ್ನಾನ. ಬಚ್ಚಲ ಹಂಡೆಗೆ ಒಂದು ಹಿಡಿ ಲಕ್ಕಿ ಸೊಪ್ಪು ಹಾಕಿ ಕುದಿಸಿದರೆ ಮೈ ನೋವಿಗೆ ಹಿತ. ಮೈ ಜಿಡ್ಡಿಗೆ ಹೆಸರುಹಿಟ್ಟು, ತಲೆಗೆ ಮತ್ತಿ ಸೊಪ್ಪಿನ ಇಲ್ಲವೇ ದಾಸವಾಳ ಸೊಪ್ಪಿನ ಗೊಂಪು, ಅಂದರೆ ಸೊಪ್ಪು ಕಿವುಚಿ ತೆಗೆದ ಲೋಳೆ. ಎಣ್ಣೆ ಕಾಲಲ್ಲಿ ಬಚ್ಚಲಿಗೆ ಇಳಿಯುವಾಗ ಅಂಗಾಲು ಒರೆಸಿಕೊಳ್ಳಿ. ವಯಸ್ಸಾದವರಿಗೆ ಸೊಂಟ ನೋವಿಗಿಂತ ಬಚ್ಚಲಲ್ಲಿ ಜಾರಿ ಬೀಳುವುದೇ ದೊಡ್ಡ ಭಯ, ಅಲ್ವಾ?

ಒಡೆದ ಹಿಮ್ಮಡಿಗೆ ಮುರುಗಲು (ಕೋಕಂ) ತುಪ್ಪದಷ್ಟು ಒಳ್ಳೆಯದು ನಾನು ಕಂಡಿಲ್ಲ. ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಿ ಬೀಜ ಎಸೆಯುವವರಿಗೆ ಏನು ಹೇಳುವುದೋ! ಬೀಜ ಒಣಗಿಸಿ, ಒಡೆದು, ಕುಟ್ಟಿ, ನೀರಲ್ಲಿ ಕುದಿಸಿದರೆ ತುಪ್ಪ ಮೇಲೆ ತೇಲುತ್ತದೆ. ಆರಿದಾಗ ಮೇಣದ ಹಾಗೆ ಗಟ್ಟಿಯಾಗುತ್ತದೆ, ಉಂಡೆ ಕಟ್ಟಿ ಇಟ್ಟುಕೊಳ್ಳಬಹುದು. ಘಟ್ಟದ ಕೆಳಗೆ ಕುಮಟಾ, ಅಂಕೋಲಾ ಕಡೆಯೂ ಮುರುಗಲಿಗೆ ಬರವಿಲ್ಲ. ರಾತ್ರಿ ಬಿಸಿನೀರಲ್ಲಿ ಕಾಲು ನೆನೆಸಿ, ಒರೆಸಿ, ಇದನ್ನು ಕರಗಿಸಿ ಹಚ್ಚಿ ಕಾಲುಚೀಲ ಹಾಕಿ ಮಲಗಿ.

ಇನ್ನು ತಿಕ್ಕಲೇಬಾರದ ಕಾಲವೂ ಇದೆ. ಕಾಲು ಉಳುಕಿ ಊದಿಕೊಂಡ ಹೊಸದರಲ್ಲಿ ತಿಕ್ಕಬೇಡಿ, ತಣ್ಣೀರ ಬಟ್ಟೆ ಇಡಿ. ಜ್ವರ ಇದ್ದಾಗ, ಗಾಯ ಇದ್ದಲ್ಲಿ ಬೇಡ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಕೈಯನ್ನೇ ಹಚ್ಚಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಕದಲಿ ಶ್ವಾಸಕೋಶಕ್ಕೆ ಹೋಗಬಹುದು. ಆಪರೇಷನ್ ಆಗಿ ಬಹಳ ದಿನ ಮಲಗಿದ್ದವರಲ್ಲಿ ಈ ಅಪಾಯ ಜಾಸ್ತಿ. ಸೀದಾ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯದೇ ಇರಬಹುದು, ಅವರ ಕಾಲು ನೆನೆಸುವ ನೀರನ್ನು ನೀವೇ ಮೊಣಕೈ ಅದ್ದಿ ನೋಡಿ. ಕೂಸಿಗೆ ಎಣ್ಣೆ ಹಚ್ಚುವಾಗ ಮೂಗು, ಕಿವಿಗೆ ಹನಿಸುವ ಹಳೇ ರೂಢಿ ಬಿಟ್ಟುಬಿಡಿ. ಯಾರು ಹೇಳಿದ್ದರೂ ಸರಿಯೇ.

ಎಣ್ಣೆ ಒರೆಸಿದ ಪಂಚೆಯನ್ನು ಬೇರೆ ಬಟ್ಟೆ ಜೊತೆ ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಬಿಸಿನೀರಿಗೆ ಅಂಟುವಾಳ ಹಾಕಿ ನೆನೆಸಿ ಬೇರೆಯೇ ಒಗೆಯಿರಿ, ಇಲ್ಲದಿದ್ದರೆ ಮನೆಯವರ ಅಂಗಿಗೆಲ್ಲ ಕಮಟು ವಾಸನೆ.