ನೆಂದ ಅಕ್ಕಿ ಕಾಯೋದಿಲ್ಲ

ಹಾಸನದ ಸಾಲಗಾಮೆ ರಸ್ತೆ ಕಡೆ ನಮ್ಮದೊಂದು ಹಿಟ್ಟಿನ ಮಿಲ್ಲು ಇದೆ. ಅಪ್ಪ ಶುರು ಮಾಡಿದ್ದು. ರಾಗಿ, ಗೋಧಿ, ಅಕ್ಕಿ ಬೀಸುವುದಕ್ಕೆ 10 ಎಚ್‌ಪಿ ಮೋಟಾರಿನ ಕಲ್ಲು, ಖಾರದ ಪುಡಿಗೆ ಬೇರೆ ಮಿಷನ್ನು. ಕರೆಂಟ್ ಇಲ್ಲದಾಗ ನಾನು ಜನರ ಡಬ್ಬಿ ಕಾಯುವ ವಾಚ್‌ಮನ್, ಅಷ್ಟೇ.

2023ರಲ್ಲಿ ಮಳೆ ಕೈಕೊಟ್ಟಿತಲ್ವಾ, ಆಗ ನಿಜವಾದ ಫಜೀತಿ. ಕರೆಂಟ್ ತಯಾರಿಕೆಗೆ ನೀರು ಕೊಡುವ ಲಿಂಗನಮಕ್ಕಿ ಡ್ಯಾಮ್ ತುಂಬಲಿಲ್ಲ. ಶರಾವತಿ ನೀರನ್ನು ಲೆಕ್ಕ ಹಾಕಿ ಬಿಡಬೇಕಾಯಿತು. ಇತ್ತ ಹೊಲ ಒಣಗುತ್ತಿತ್ತು, ರೈತರಿಗೆ ಬೋರ್‌ವೆಲ್ಲೇ ಗತಿ, ಪಂಪ್‌ಸೆಟ್ಟಿನ ಲೋಡ್ ಏರಿತು. ಅಕ್ಟೋಬರಿನಲ್ಲಿ ಪಂಪ್‌ಸೆಟ್ಟಿಗೆ ದಿನಕ್ಕೆ 5 ಗಂಟೆ ತ್ರೀ ಫೇಸ್, ಅಂದರೆ ದೊಡ್ಡ ಮೋಟಾರು ಓಡಿಸುವ ಮೂರು ಲೈನಿನ ಕರೆಂಟ್, ಅಂದರು, ಆಮೇಲೆ 7 ಗಂಟೆ ಮಾಡಿದರು. ಹಳ್ಳಿ ಕಡೆ ತ್ರೀ ಫೇಸ್ ಇಲ್ಲ ಅಂತ ಜನ ರಾಗಿ ಚೀಲ ಬೈಕಿಗೆ ಕಟ್ಟಿಕೊಂಡು ನಮ್ಮಲ್ಲಿಗೇ ಬರತೊಡಗಿದರು. ಗಿರಾಕಿ ಜಾಸ್ತಿ, ಕರೆಂಟ್ ಕಡಿಮೆ.

ಮೊದಲ ಏಟು ಬಿದ್ದಿದ್ದು ಮೋಟಾರಿಗೆ. ಕರೆಂಟ್ ಬಂದ ತಕ್ಷಣ ಆತುರಪಟ್ಟು ಸ್ಟಾರ್ಟರ್ ಒತ್ತಿದೆ. ಮೂರರಲ್ಲಿ ಒಂದು ಫೇಸ್ ಬಂದೇ ಇರಲಿಲ್ಲ. ಕಲ್ಲಿನ ಮಧ್ಯೆ ಅರ್ಧ ಬೀಸಿದ ರಾಗಿ ಬೇರೆ ಕೂತಿತ್ತು. ಮೋಟಾರು ಗುಂಯ್ ಅಂದಿತು, ತಿರುಗಲಿಲ್ಲ. ವಾರ್ನಿಶ್ ಸುಟ್ಟ ವಾಸನೆ ಬಂದಾಗಲೇ ಗೊತ್ತಾಗಿದ್ದು. ವೈಂಡಿಂಗ್‌ಗೆ 6,500 ರೂಪಾಯಿ, ನಾಲ್ಕು ದಿನ ಅಂಗಡಿ ಬಂದ್. ವೈಂಡಿಂಗ್ ಮಾಡಿದವರು "ಒಂದು ಪ್ರಿವೆಂಟರ್ ಹಾಕ್ಸಿದ್ರೆ ನನ್ ಹತ್ರ ಬರೋ ಕೆಲಸಾನೇ ಇರ್ತಿರ್ಲಿಲ್ಲ ಸಾರ್" ಅಂದರು. ಅವತ್ತೇ ಹಾಕಿಸಿದೆ. ಒಂದು ಫೇಸ್ ಹೋದರೆ ಸ್ಟಾರ್ಟರ್ ತಾನೇ ಬಿಟ್ಟುಬಿಡುತ್ತದೆ.

ಈಗ ಕರೆಂಟ್ ಬಂದರೂ ಹತ್ತು ನಿಮಿಷ ಸುಮ್ನೆ ಕೂರುತ್ತೇನೆ. ಎಲ್ಲರ ಮನೆಯ ಮೋಟಾರು, ಫ್ರಿಜ್ಜು ಒಟ್ಟಿಗೆ ಎಳೆಯುವ ಹೊತ್ತದು, ವೋಲ್ಟೇಜ್ ನಿಲ್ಲುವುದಿಲ್ಲ. ಅಷ್ಟರಲ್ಲಿ ಕಲ್ಲು ಸಡಿಲ ಮಾಡಿ, ಸಿಕ್ಕಿಕೊಂಡ ಕಾಳು ತೆಗೆದು, ಖಾಲಿ ಕಲ್ಲನ್ನೇ ಓಡಿಸಿ, ಆಮೇಲೆ ಬಿಗಿ ಮಾಡುತ್ತೇನೆ.

ಜನರೇಟರ್ ತಗೋ ಅಂತ ಎಲ್ಲರೂ ಹೇಳಿದರು. ಲೆಕ್ಕ ಹಾಕಿದೆ. 10 ಎಚ್‌ಪಿ ಅಂದರೆ ಏಳೂವರೆ ಕಿಲೋವ್ಯಾಟ್ ಅಷ್ಟೇ, ಆದರೆ ಸ್ಟಾರ್ಟ್ ಆಗುವಾಗ ಅದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹಾಗಾಗಿ 20 ಕೆವಿಎ ಜನರೇಟರ್ ಬೇಕು, ಮೂರು ಲಕ್ಷದ ಮಾತು. ಗಂಟೆಗೆ ಮೂರು ಲೀಟರ್ ಡೀಸೆಲ್, ಆಗ ಲೀಟರಿಗೆ 88 ರೂಪಾಯಿ ಹತ್ತಿರ, ಅಲ್ಲಿಗೆ 264 ರೂಪಾಯಿ. ಗಂಟೆಗೆ 80 ಕೆಜಿ ಬೀಸಿದರೆ, ಕೆಜಿಗೆ 5 ರೂಪಾಯಿಯಂತೆ ಬರುವುದು 400. ಉಳಿದಿದ್ದರಲ್ಲಿ ಸಾಲದ ಕಂತು ಕಟ್ಟಬೇಕಾ, ಮನೆ ನಡೆಸಬೇಕಾ? ಬೇಡ ಅಂದೆ.

ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಅಪ್ಪನ ಕಾಲದ ಡೀಸೆಲ್ ಇಂಜಿನ್ ತುಕ್ಕು ಹಿಡಿದು ಬಿದ್ದಿತ್ತು. ಗುಜರಿಗೆ ಹಾಕಬೇಕು ಅಂತ ಎಷ್ಟು ಸಲ ಅಂದುಕೊಂಡಿದ್ದೆನೋ. ಮೆಕ್ಯಾನಿಕ್ ಕರೆಸಿ ನಾಜಲ್, ರಿಂಗ್ ಬದಲಾಯಿಸಿದೆ. ಇಂಜಿನ್ ಕಾಯದಿರಲಿ ಅಂತ ಹಳೇ ಡ್ರಮ್ಮಿಗೆ ನೀರು ತುಂಬಿಸಿ ಪೈಪ್ ಕೊಟ್ಟೆ, ಬೆಲ್ಟ್ ಹೊಸದು. ಎಲ್ಲಾ ಸೇರಿ 14,000. ಇಂಜಿನ್ ನೇರವಾಗಿ ಕಲ್ಲನ್ನೇ ತಿರುಗಿಸುವುದರಿಂದ ಮಧ್ಯೆ ನಷ್ಟ ಕಡಿಮೆ. ಗಂಟೆಗೆ ಎರಡು ಲೀಟರ್ ಚಿಲ್ಲರೆ ಸಾಕು.

ಹಾಗಂತ ಎಲ್ಲದಕ್ಕೂ ಅದನ್ನು ಓಡಿಸುವುದಿಲ್ಲ. ಒಂದು ತಿಂಗಳು ಗೋಡೆ ಕ್ಯಾಲೆಂಡರಿನಲ್ಲೇ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆದಿಟ್ಟೆ. ಜಾಸ್ತಿ ಹೋಗುತ್ತಿದ್ದದ್ದು ಬೆಳಿಗ್ಗೆ ಏಳರ ಮೇಲೆ, ಸಂಜೆ ಆರರ ಮೇಲೆ. ಸರಿ, ರಾಗಿ, ಗೋಧಿ ಎಲ್ಲವನ್ನೂ ಹಿಂದಿನ ರಾತ್ರಿಯೇ ಇಟ್ಟು ಹೋಗಲು ಹೇಳಿ ಬೆಳಗಿನ ಜಾವ ಐದಕ್ಕೆ ಬೀಸತೊಡಗಿದೆ. ಒಣ ಕಾಳು ಎರಡು ದಿನ ಕೂತರೂ ಏನೂ ಆಗುವುದಿಲ್ಲ. ನೆಂದ ಅಕ್ಕಿ ಹಾಗಲ್ಲ.

ಆ ವರ್ಷ ಹಾಸನಾಂಬೆ ಬಾಗಿಲು ತೆರೆದು, ದೀಪಾವಳಿ ಹತ್ತಿರ ಬಂತು. ಕಜ್ಜಾಯದ ಅಕ್ಕಿ ಬರತೊಡಗಿತು. ನೆನೆಸಿ, ಬಸಿದು, ಪಂಚೆ ಮೇಲೆ ನೆರಳಲ್ಲಿ ಆರಹಾಕಿದ ಅಕ್ಕಿ. ಮುಷ್ಟಿಯಲ್ಲಿ ಹಿಡಿದರೆ ತಣ್ಣಗೆ ಕೈಗಂಟಬೇಕು. ಆಗಲೇ ಬೀಸಬೇಕು. ತೇವ ಆರಿದರೆ ಕಜ್ಜಾಯ ಎಣ್ಣೆಯಲ್ಲೇ ಬಿಚ್ಚಿಕೊಳ್ಳುತ್ತದೆ, ಮುಚ್ಚಿಟ್ಟರೆ ಹುಳಿ ವಾಸನೆ. ಅವತ್ತು ಒಂಬತ್ತು ಪಾತ್ರೆ ಸಾಲಾಗಿ ಕೂತಿದ್ದವು. ಕರೆಂಟ್ ಹೋಯಿತು. ವಾಲ್ವ್ ಎತ್ತಿ ಹ್ಯಾಂಡಲ್ ತಿರುಗಿಸಿದೆ. ಎರಡು ಸಲ ಕೆಮ್ಮಿತು, ಮೂರನೇ ಸಲಕ್ಕೆ ಹಿಡಿಯಿತು. ಹೊಗೆಯೋ ಹೊಗೆ.

ಇಂಜಿನ್ನಿಗೆ ಕೆಜಿಗೆ 2 ರೂಪಾಯಿ ಜಾಸ್ತಿ ಅಂದೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೇಳಿಯೇಬಿಟ್ಟರು, "ಏನ್ ಮಗಾ, ಕರೆಂಟ್ ಹೋದ್ರೆ ನಮ್ಗ್ಯಾಕಪ್ಪಾ ದಂಡ?"

"ಡೀಸೆಲ್ ಅಜ್ಜೀ, ನೀರಲ್ಲ."

"ಸರಿ ಬಿಡು, ಮನೇಲಿ ಬೆಲ್ಲ ಕುಟ್ಟಿಟ್ಟು ಬಂದಿದೀನಿ" ಅಂತ ಕೊಟ್ಟರು. ಆದರೆ ತೂಕ ಎರಡು ಸಲ ಹಾಕಿಸಿದರು.

ಮನೆಯಲ್ಲೂ ಇದೇ ಲೆಕ್ಕ. ನಮ್ಮನೆಯವಳು ದೋಸೆಗೆ ರುಬ್ಬುವುದನ್ನು ಮಧ್ಯಾಹ್ನಕ್ಕೆ ಹಾಕಿಕೊಂಡಳು. ಟ್ಯಾಂಕಿಗೆ ನೀರು ಏರಿಸುವುದು ನಾನು ಎದ್ದ ತಕ್ಷಣದ ಕೆಲಸ. ಸಣ್ಣ ಇನ್ವರ್ಟರ್ ಮಗಳ ಓದಿಗೆ ಒಂದು ಲೈಟು, ಒಂದು ಫ್ಯಾನು ಅಂತ ಮೀಸಲು. ಟಿವಿ ವಿಷಯದಲ್ಲಿ ಮಾತ್ರ ಜಗಳ ಆಗುತ್ತಿತ್ತು.

ಈಗಲೂ ಭಾನುವಾರ ಹತ್ತು ನಿಮಿಷ ಇಂಜಿನ್ ಓಡಿಸುತ್ತೇನೆ, ಇಲ್ಲದಿದ್ದರೆ ಬೇಕಾದಾಗ ಹಿಡಿಯುವುದಿಲ್ಲ. ಪಕ್ಕದ ಮನೆಯವರು ಅಷ್ಟರಲ್ಲಿ ಒಣಹಾಕಿದ ಬಟ್ಟೆ ತೆಗೆದುಕೊಂಡಿರುತ್ತಾರೆ.