‘ಖುಷಿಯಾಯಿತು’ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಳೋದು ಹೇಗೆ?

ಮುಂಬೈಯ ಅಂಧೇರಿಯಲ್ಲಿ ಒಂದು ಆಫೀಸಿಗೆ ಸೇರಿದ ಹೊಸತು. ಬಾಸ್‌ಗೆ ಪ್ರಮೋಷನ್ ಆಯಿತು. ನಾನು ಮಾಟುಂಗಾದ ಹೋಟೆಲಿನಲ್ಲಿ ಇಡ್ಲಿ ಸಾಂಬಾರ್ ತಿನ್ನುತ್ತಾ ಎಡಗೈಯಲ್ಲೇ ‘ಐ ಆಮ್ ವೆರಿ ಹ್ಯಾಪಿ ವಿತ್ ಯು ಸರ್’ ಅಂತ ಮೆಸೇಜು ಕಳಿಸಿಬಿಟ್ಟೆ. ಮರುದಿನ ಅವರು ನಗುತ್ತಾ, ‘ಅಂತೂ ನನ್ನ ಕೆಲಸ ನಿಮಗೆ ಒಪ್ಪಿಗೆಯಾಯ್ತು’ ಅಂದರು. ‘ಹ್ಯಾಪಿ ವಿತ್ ಯು’ ಅಂದರೆ ‘ನಿಮ್ಮ ಕೆಲಸ ತೃಪ್ತಿ ತಂದಿದೆ’ ಅಂತ, ಅದು ಬಾಸ್ ನನಗೆ ಹೇಳಬೇಕಾದ ಮಾತು!

ಕನ್ನಡದಲ್ಲಿ ‘ಖುಷಿಯಾಯಿತು’ ಅಂದರೆ ಮುಗೀತು. ಇಂಗ್ಲಿಷ್‌ಗೆ ಅಷ್ಟು ಸಾಲದು. ಹಾಗಾಗಿ ಮೊದಲು, ಒಳ್ಳೆಯದಾಗಿದ್ದು ಯಾರಿಗೆ ಅಂತ ನೋಡಿಕೊಳ್ಳಿ. ಎದುರಿನವರಿಗೆ ಆಗಿದ್ದರೆ ‘ಹ್ಯಾಪಿ ಫಾರ್ ಯು’. ಒಂದು ವಿಷಯದ ಬಗ್ಗೆ ಖುಷಿಯಾದರೆ ‘ಹ್ಯಾಪಿ ಅಬೌಟ್’. ಸುದ್ದಿ ಕೇಳಿ ಖುಷಿಯಾಯಿತು ಅನ್ನಬೇಕಾದರೆ ‘ಗ್ಲ್ಯಾಡ್ ಟು ಹಿಯರ್ ಇಟ್’. ನಮ್ಮ ‘ನನಗೆ’, ‘ನಿಮಗೆ’ ನೆನಪಿಗೆ ಬಂದು ಸುಮ್ನೆ ‘ಹ್ಯಾಪಿ ಟು ಯು’ ಅಂತ ಹೇಳಿಬಿಡುತ್ತೇವೆ, ಅದು ತಪ್ಪು.

ಆಮೇಲೆ ಖುಷಿಯ ಅಳತೆ. ಸ್ವಲ್ಪ ಬಿಗುವಾಗಿ, ಆಫೀಸಿನ ಈಮೇಲಿಗೆ ‘ಪ್ಲೀಸ್ಡ್’ ಸಾಕು. ಇನ್ನೂ ಜಾಸ್ತಿ ಇದ್ದರೆ ‘ಡಿಲೈಟೆಡ್’. ಅದರಲ್ಲೇ ‘ತುಂಬಾ’ ಇದೆ, ಮತ್ತೆ ‘ವೆರಿ’ ಯಾಕೆ? ಒತ್ತು ಬೇಕೇ ಬೇಕಾದರೆ ‘ಆಬ್ಸಲ್ಯೂಟ್ಲಿ ಡಿಲೈಟೆಡ್’ ಅನ್ನಿ. ‘ಓವರ್ ದ ಮೂನ್’, ‘ಆನ್ ಕ್ಲೌಡ್ ನೈನ್’ ಇವೆಲ್ಲ ಸ್ವರ್ಗಕ್ಕೆ ಮೂರೇ ಗೇಣು ಅನ್ನುವಷ್ಟು ಖುಷಿಗೆ, ಅದೂ ಗೆಳೆಯರ ನಡುವೆ. ಕೇವಲ ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದಕ್ಕೆ ಬೇಡ. (ಸಂಜೆ ಆರೂವರೆಯ, ಕಾಲಿಡಲೂ ಜಾಗವಿರದ ವಿರಾರ್ ಗಾಡಿಯಾದರೆ ಪರವಾಗಿಲ್ಲ ಬಿಡಿ.)

ಇನ್ನು ‘ಐ ಆಮ್ ಎಕ್ಸೈಟಿಂಗ್’. ನಿಮಗೆ ಉತ್ಸಾಹ ಬಂದಿದ್ದರೆ ‘ಎಕ್ಸೈಟೆಡ್’, ಉತ್ಸಾಹ ತರಿಸಿದ ಸುದ್ದಿಯೋ ಕೆಲಸವೋ ‘ಎಕ್ಸೈಟಿಂಗ್’. ‘ಎಕ್ಸೈಟಿಂಗ್’ ಅಂತ ನಿಮ್ಮನ್ನೇ ಕರೆದುಕೊಂಡರೆ ಸ್ವಂತ ಹೊಗಳಿಕೆ ಆಗುತ್ತದೆ, ಅಲ್ವಾ?

‘ಎಂಜಾಯ್’ದು ಬೇರೆಯೇ ಗೋಳು. ಗೋವಾದಿಂದ ಬಂದವರೆಲ್ಲ ‘ವಿ ಎಂಜಾಯ್ಡ್ ಎ ಲಾಟ್’ ಅನ್ನುತ್ತಾರೆ. ನಮ್ಮಲ್ಲಿ ಯಾರೂ ಹುಬ್ಬೇರಿಸುವುದಿಲ್ಲ, ಆದರೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಅದು ಅರ್ಧಕ್ಕೇ ನಿಂತ ಹಾಗೆ ಕೇಳುತ್ತದೆ. ಏನನ್ನು ಅಂತ ಹೇಳಿ: ‘ವಿ ಎಂಜಾಯ್ಡ್ ದ ಟ್ರಿಪ್’. ಇಲ್ಲವೇ ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’.

ಕೊನೆಯದಾಗಿ, ಅಭಿನಂದನೆ ಹೇಳುವಾಗ ‘ಕಂಗ್ರಾಚುಲೇಷನ್ಸ್’ನ ಬಾಲದ ‘ಸ್’ ಬಿಡಬೇಡಿ, ಅದರ ನಂತರ ‘ಆನ್’ ಹಾಕಿ. ನನ್ನ ಆ ಮೆಸೇಜು ಹೀಗಿರಬೇಕಿತ್ತು: ‘ಕಂಗ್ರಾಚುಲೇಷನ್ಸ್ ಆನ್ ಯುವರ್ ಪ್ರಮೋಷನ್, ಸರ್. ಐ ಆಮ್ ಸೋ ಹ್ಯಾಪಿ ಫಾರ್ ಯು.’ ಇಡ್ಲಿ ತಿಂದು, ಕೈ ತೊಳೆದುಕೊಂಡು ಬರೆದಿದ್ದರೆ ಬರುತ್ತಿತ್ತೇನೋ.